ಟಿವಿ ಕಪ್ಪಗಿದೆ ಅಂದರೆ ಯಾವ ಕಪ್ಪು? ಲ್ಯಾಪ್‌ಟಾಪ್ ಜೋಡಿಸಿದ ಟಿವಿಯಲ್ಲಿ ದೋಷ ಹುಡುಕುವ ಬಗೆ

ಲ್ಯಾಪ್‌ಟಾಪ್‌ನಿಂದ ಟಿವಿಗೆ ಎಚ್‌ಡಿಎಂಐ ಕೇಬಲ್ ಎಳೆದು, ಬ್ರೌಸರ್‌ನಲ್ಲಿ ಸಿನಿಮಾ ಹಾಕಿದ ಮೇಲೂ ಪರದೆ ಕಪ್ಪಗೇ ಇದ್ದರೆ ಹೆಚ್ಚಿನವರು ಮೊದಲು ಕೇಬಲ್ ಕಿತ್ತು ಮತ್ತೆ ಚುಚ್ಚುತ್ತಾರೆ. ಆಮೇಲೆ ಹೊಸ ಕೇಬಲ್ ಆರ್ಡರ್ ಮಾಡುತ್ತಾರೆ. ಸ್ವಲ್ಪ ತಡೆಯಿರಿ. ಒಂದು ನಿಮಿಷ ಸುಮ್ನೆ ಆ ಪರದೆಯನ್ನು ನೋಡಿ. ಅಲ್ಲಿರುವುದು ಯಾವ ಥರದ ಕಪ್ಪು ಅಂತ ಗೊತ್ತಾದರೆ ಅರ್ಧ ಕೆಲಸ ಮುಗಿದ ಹಾಗೆ.

ನೆಂಟರ ಮನೆಯಲ್ಲಿ ಟಿವಿ ಕೈಕೊಟ್ಟರೆ ಫೋನ್ ಬರುವುದು ನನಗೆ. ‘ಟಿವಿ ಬರ್ತಾ ಇಲ್ಲ ಕಣೋ’ ಅಂದ ಕೂಡಲೇ ನಾನು ಕೇಳುವುದು, ‘ಮಾವ, ಪರದೆ ಮೇಲೆ ಏನಾದ್ರೂ ಅಕ್ಷರ ಕಾಣುತ್ತಾ?’ ಈ ಒಂದು ಪ್ರಶ್ನೆಗೆ ಸಿಗುವ ಉತ್ತರದಿಂದ ಮುಂದಿನ ದಾರಿ ಬೇರೆ ಬೇರೆ ಆಗುತ್ತದೆ.

ಅಕ್ಷರವೂ ಇಲ್ಲ, ರಿಮೋಟ್‌ನ ಮೆನು ಒತ್ತಿದರೂ ಏನೂ ಬರುವುದಿಲ್ಲ ಅಂದರೆ ಲ್ಯಾಪ್‌ಟಾಪ್ ಕಡೆ ನೋಡುವುದೇ ಬೇಡ, ತೊಂದರೆ ಟಿವಿಯದ್ದೇ. ‘ನೋ ಸಿಗ್ನಲ್’ ಅಂತ ಅಕ್ಷರ ಇದ್ದರೆ ಟಿವಿ ಸರಿಯಿದೆ, ಅದಕ್ಕೆ ಚಿತ್ರ ತಲುಪುತ್ತಿಲ್ಲ. ಮೂಲೆಯಲ್ಲಿ ರೆಸಲ್ಯೂಷನ್ (ಚಿತ್ರದ ಚುಕ್ಕಿಗಳ ಲೆಕ್ಕ, 1920 x 1080 ಥರದ್ದು) ತೋರಿಸಿ ಮತ್ತೆ ಕಪ್ಪಾದರೆ, ಅಥವಾ ಚಿತ್ರ ಬಂದು ಬಂದು ಹೋಗುತ್ತಿದ್ದರೆ ಸಂಪರ್ಕ ಆಗಿದೆ, ಆದರೆ ನಿಲ್ಲುತ್ತಿಲ್ಲ. ಇನ್ನು ಡೆಸ್ಕ್‌ಟಾಪ್, ಮೌಸ್ ಬಾಣ, ಬ್ರೌಸರ್ ಎಲ್ಲವೂ ಕಾಣುತ್ತಿದ್ದು ವಿಡಿಯೊ ಬರಬೇಕಾದ ಚೌಕ ಮಾತ್ರ ಕಪ್ಪಗಿದ್ದರೆ ಕೇಬಲ್‌ದು ಏನೂ ತಪ್ಪಿಲ್ಲ. ಜನ ಜಾಸ್ತಿ ದುಡ್ಡು ಕಳೆದುಕೊಳ್ಳುವುದು ಈ ಕೊನೆಯ ಕಪ್ಪಿಗೆ.

ಟಿವಿಯೇ ಕಪ್ಪಾದಾಗ

ಸದ್ದು ಬರುತ್ತಿದೆ, ಚಿತ್ರ ಇಲ್ಲ, ಮೆನುವೂ ಇಲ್ಲ. ಕೋಣೆಯ ಲೈಟ್ ಆರಿಸಿ, ಟಾರ್ಚನ್ನು ಪರದೆಗೆ ಹತ್ತಿರ ಹಿಡಿದು ಓರೆಯಾಗಿ ಬೆಳಕು ಬಿಡಿ. ಮಸುಕಾಗಿ ಚಿತ್ರ ಅಲುಗಾಡುವುದು ಕಂಡರೆ ಪ್ಯಾನೆಲ್ ಬದುಕಿದೆ. ಹಿಂದಿನ ಬ್ಯಾಕ್‌ಲೈಟ್ ಎಲ್‌ಇಡಿ ಪಟ್ಟಿಯೋ, ಅದಕ್ಕೆ ಕರೆಂಟ್ ಕೊಡುವ ಭಾಗವೋ ಹೋಗಿದೆ. ಇದನ್ನು ಟಿವಿ ರಿಪೇರಿ ಮಾಡುವವರು ಸರಿಮಾಡುತ್ತಾರೆ. ‘ಪ್ಯಾನೆಲ್ ಹೋಯ್ತು, ಹೊಸದು ತಗೊಳ್ಳಿ’ ಅಂತ ಯಾರಾದರೂ ಹೇಳಿದರೆ ಈ ಟಾರ್ಚ್ ಪರೀಕ್ಷೆಯನ್ನು ಅವರ ಎದುರೇ ಮಾಡಿ ತೋರಿಸಿ.

‘ನೋ ಸಿಗ್ನಲ್’ ಅಂದಾಗ

ಇನ್‌ಪುಟ್ ಸರಿ ಆರಿಸಿದ್ದೀರಾ ಅಂತ ನೋಡಿ. ಕೇಬಲ್ ಚುಚ್ಚಿದ್ದು ಎಚ್‌ಡಿಎಂಐ 2ಕ್ಕೆ, ಟಿವಿ ನೋಡುತ್ತಿರುವುದು 1ನ್ನು, ಹೀಗಾಗುವುದು ಹೊಸಬರಿಗೆ ಮಾತ್ರ ಅಲ್ಲ.

ಇನ್‌ಪುಟ್ ಸರಿಯಿದ್ದರೆ ಸೆಟ್‌ಟಾಪ್ ಬಾಕ್ಸ್ ಹತ್ತಿರ ಹೋಗಿ. ಅದರಲ್ಲಿ ಚಾನೆಲ್ ಬರುತ್ತಿದೆ ಅಲ್ವಾ? ಹಾಗಾದರೆ ಅದರ ಕೇಬಲ್ ಮತ್ತು ಅದು ಸೇರಿರುವ ಟಿವಿ ಪೋರ್ಟ್ ಎರಡೂ ಸರಿಯಿವೆ ಅಂತಾಯಿತು. ಬಾಕ್ಸ್ ಕಡೆಯ ತುದಿಯನ್ನು ಮಾತ್ರ ಬಿಡಿಸಿ ಲ್ಯಾಪ್‌ಟಾಪ್‌ಗೆ ಚುಚ್ಚಿ. ಈಗ ಚಿತ್ರ ಬಂದರೆ ತಪ್ಪು ನಿಮ್ಮ ಹಳೆಯ ಕೇಬಲ್ ಅಥವಾ ಇನ್ನೊಂದು ಪೋರ್ಟ್‌ದು. ಬರದಿದ್ದರೆ ತಪ್ಪು ಲ್ಯಾಪ್‌ಟಾಪ್‌ನಲ್ಲಿದೆ. ಮನೆಯಲ್ಲೇ ಇರುವ ಸಾಮಾನಿನಿಂದ ಒಂದೇ ಸಲಕ್ಕೆ ಮೂರು ಅನುಮಾನ ತೀರುತ್ತದೆ. ಹುಡುಕುವಾಗ ಒಂದು ಸಲಕ್ಕೆ ಒಂದನ್ನೇ ಬದಲಿಸಿ. ಕೇಬಲ್ಲು, ಪೋರ್ಟು, ಸೆಟ್ಟಿಂಗು ಎಲ್ಲ ಒಟ್ಟಿಗೆ ಬದಲಿಸಿದರೆ ಸರಿಹೋದರೂ ಯಾವುದರಿಂದ ಹೋಯಿತು ಅಂತ ಗೊತ್ತಾಗುವುದಿಲ್ಲ. ಮುಂದಿನ ವಾರ ಮತ್ತೆ ಅದೇ ಗೋಳು.

ಲ್ಯಾಪ್‌ಟಾಪ್ ಕಡೆ ಅಂತಾದರೆ ವಿಂಡೋಸ್ ಕೀ ಒತ್ತಿ ಹಿಡಿದು ಪಿ ಒತ್ತಿ. ‘ಪಿಸಿ ಸ್ಕ್ರೀನ್ ಓನ್ಲಿ’ ಅಂತಿದ್ದರೆ ‘ಡೂಪ್ಲಿಕೇಟ್’ ಮಾಡಿ. ಆಗಲೂ ಬರದಿದ್ದರೆ ವಿಂಡೋಸ್, ಕಂಟ್ರೋಲ್, ಶಿಫ್ಟ್ ಮೂರನ್ನೂ ಹಿಡಿದು ಬಿ ಒತ್ತಿ. ಒಂದು ಕ್ಷಣ ಪರದೆ ಮಿಣುಕಿ, ಗ್ರಾಫಿಕ್ಸ್ ಡ್ರೈವರ್, ಅಂದರೆ ಚಿತ್ರ ಮೂಡಿಸುವ ಚಿಪ್ಪನ್ನು ನಡೆಸುವ ಸಾಫ್ಟ್‌ವೇರ್, ಹೊಸದಾಗಿ ಶುರುವಾಗುತ್ತದೆ. ತೆರೆದಿಟ್ಟ ಫೈಲುಗಳಿಗೆ ಏನೂ ಆಗುವುದಿಲ್ಲ. ಇಷ್ಟು ಒಳ್ಳೆಯ ಶಾರ್ಟ್‌ಕಟ್ ಯಾಕೆ ಯಾರಿಗೂ ಗೊತ್ತಿಲ್ಲವೋ!

ಡೆಸ್ಕ್‌ಟಾಪ್ ಕಂಪ್ಯೂಟರ್ ಇರುವವರು ಅದರ ಹಿಂಬದಿ ನೋಡಿ. ಗ್ರಾಫಿಕ್ಸ್ ಕಾರ್ಡ್ ಹಾಕಿದ ಮೇಲೆ ಮದರ್‌ಬೋರ್ಡಿನ ಎಚ್‌ಡಿಎಂಐ ಪೋರ್ಟ್ ಸಾಮಾನ್ಯವಾಗಿ ಸುಮ್ಮನಾಗುತ್ತದೆ. ಕೇಬಲ್ ಕಾರ್ಡಿನ ಪೋರ್ಟಿಗೇ ಹೋಗಬೇಕು.

ಟೈಪ್ ಸಿ ಕಥೆ ಬೇರೆ. ಈಗಿನ ತೆಳು ಲ್ಯಾಪ್‌ಟಾಪ್‌ಗಳಲ್ಲಿ ಎಚ್‌ಡಿಎಂಐ ಇಲ್ಲ ಅಂತ ಟೈಪ್ ಸಿಯಿಂದ ಎಚ್‌ಡಿಎಂಐಗೆ ಅಡಾಪ್ಟರ್ ತರುತ್ತೇವೆ. ಆದರೆ ಟೈಪ್ ಸಿ ಅನ್ನುವುದು ಕಿಂಡಿಯ ಆಕಾರದ ಹೆಸರು ಅಷ್ಟೇ. ಅದರ ಮೂಲಕ ಚಿತ್ರ ಹೋಗಬೇಕಾದರೆ ಒಳಗೆ ಡಿಸ್‌ಪ್ಲೇಪೋರ್ಟ್ ಆಲ್ಟ್ ಮೋಡ್ ಅನ್ನುವ ಸೌಲಭ್ಯ ಇರಬೇಕು. ಕಡಿಮೆ ಬೆಲೆಯ ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ, ಹೆಚ್ಚಿನ ಅಗ್ಗದ ಫೋನುಗಳಲ್ಲಿ ಅದು ಇರುವುದಿಲ್ಲ. ಪೋರ್ಟಿನ ಪಕ್ಕ ಡಿ ಮತ್ತು ಪಿ ಸೇರಿದ ಗುರುತೋ ಥಂಡರ್‌ಬೋಲ್ಟ್‌ನ ಮಿಂಚಿನ ಗುರುತೋ ಇದ್ದರೆ ಧೈರ್ಯವಾಗಿ ಅಡಾಪ್ಟರ್ ತನ್ನಿ. ಗುರುತಿಲ್ಲದಿದ್ದರೆ ಆ ಮಾಡೆಲ್‌ನ ವಿವರ ಓದಿ ಆಮೇಲೆ ಅಂಗಡಿಗೆ ಹೋಗಿ.

ಇನ್ನೊಂದು, ಮಲೆನಾಡು ಕರಾವಳಿ ಕಡೆಯವರಿಗೆ. ಏಪ್ರಿಲ್, ಮೇ ತಿಂಗಳ ಗುಡುಗು ಮಳೆಯ ಮಾರನೆ ದಿನ ಟಿವಿಯ ಒಂದು ಎಚ್‌ಡಿಎಂಐ ಪೋರ್ಟ್ ಮಾತ್ರ ಸತ್ತು ಉಳಿದವು ಸರಿಯಿದ್ದರೆ ಸಿಡಿಲಿನ ಮೇಲೆ ಅನುಮಾನ ಪಡಿ. ಪ್ಲಗ್ ಕಿತ್ತಿದ್ದೆವಲ್ಲ ಅನ್ನುತ್ತಾರೆ. ಆದರೆ ಡಿಶ್‌ನಿಂದ ಬರುವ ಕೇಬಲ್ ಬಾಕ್ಸಿಗೆ ಸೇರಿಕೊಂಡೇ ಇತ್ತು, ಬಾಕ್ಸ್ ಟಿವಿಗೆ ಸೇರಿಕೊಂಡೇ ಇತ್ತು. ಹೆಚ್ಚುವರಿ ವೋಲ್ಟೇಜ್ ಆ ದಾರಿಯಲ್ಲಿ ಬರುತ್ತದೆ. ಗುಡುಗು ಶುರುವಾದರೆ ಪ್ಲಗ್ ಜೊತೆ ಡಿಶ್ ಕೇಬಲನ್ನೂ ಬಿಚ್ಚಿಡಿ. ಸಿಡಿಲು ತಲೆಯ ಮೇಲೆ ಬಂದ ಮೇಲೆ ಬೇಡ, ದೂರದಲ್ಲಿ ಮೋಡ ಕಟ್ಟುವಾಗಲೇ.

ಬಂದು ಬಂದು ಹೋಗುವ ಚಿತ್ರ

4ಕೆ ಟಿವಿಗಳಲ್ಲಿ ಇದು ಜಾಸ್ತಿ. ವಿಂಡೋಸ್‌ನ ಡಿಸ್‌ಪ್ಲೇ ಸೆಟ್ಟಿಂಗ್‌ನಲ್ಲಿ ರೆಸಲ್ಯೂಷನ್ನನ್ನು 1920 x 1080ಕ್ಕೆ ಇಳಿಸಿ ನೋಡಿ. ಮಿಣುಕುವುದು ನಿಂತರೆ ತೊಂದರೆ ವೇಗದ್ದು. ಲೆಕ್ಕ ಹೀಗಿದೆ: ಸೆಕೆಂಡಿಗೆ 60 ಫ್ರೇಮ್‌ನ 1080ಪಿ ಚಿತ್ರಕ್ಕೆ ಕೇಬಲ್‌ನಲ್ಲಿ ಪ್ರತಿ ಸೆಕೆಂಡಿಗೆ ಸುಮಾರು 4.5 ಗಿಗಾಬಿಟ್ ಹರಿಯಬೇಕು. 4ಕೆ 30 ಫ್ರೇಮ್‌ಗೆ ಸುಮಾರು 9, ಅದೇ 4ಕೆ 60 ಫ್ರೇಮ್‌ಗೆ ಸುಮಾರು 18. ಎಚ್‌ಡಿಎಂಐ 1.4ರ ಮಿತಿ 10.2 ಗಿಗಾಬಿಟ್. 2013ರಲ್ಲಿ ಬಂದ 2.0ರ ಮಿತಿ 18. ಹಾಗಾಗಿ 1080ಪಿಗೆ ಚೆನ್ನಾಗಿ ನಡೆಯುವ ಹಳೆಯ ಉದ್ದ ಕೇಬಲ್ 4ಕೆ 60ಕ್ಕೆ ಏದುಸಿರು ಬಿಡುತ್ತದೆ. ಇಲ್ಲಿ ಮಾತ್ರ ಹೊಸ ಕೇಬಲ್ ತಂದರೆ ನ್ಯಾಯ. ‘ಪ್ರೀಮಿಯಂ ಹೈ ಸ್ಪೀಡ್’ ಅನ್ನುವ ಪ್ರಮಾಣಪತ್ರದ ಲೇಬಲ್ ಇರುವುದನ್ನು ಆರಿಸಿ. ಎಷ್ಟು ಬೇಕೋ ಅಷ್ಟೇ ಉದ್ದ ಇರಲಿ. ಚಿನ್ನದ ಲೇಪ ಇದ್ದರೆ ಚಿತ್ರ ಚೆನ್ನಾಗಿ ಬರುತ್ತದೆ ಅಂತ ಅಂಗಡಿಯವರು ಹೇಳಿದರೆ ನಕ್ಕು ಸುಮ್ಮನಿರಿ.

ಇದಕ್ಕೆ ಉಲ್ಟಾ ತೊಂದರೆಯೂ ಇದೆ. ಚಿತ್ರ ನಿಂತಿದೆ, ಆದರೆ ಮೌಸ್ ಬಾಣ ಎಳೆದೆಳೆದು ಓಡುತ್ತದೆ. ಆಗ ಟಿವಿ 4ಕೆ 30ರಲ್ಲಿ ನಿಂತುಬಿಟ್ಟಿದೆ. ಹಲವು ಟಿವಿಗಳು ಪೋರ್ಟಿನ ಪೂರ್ತಿ ವೇಗವನ್ನು ಮೊದಲೇ ಬಿಟ್ಟಿರುವುದಿಲ್ಲ, ಮೆನುವಿನಲ್ಲಿ ನಾವೇ ಬಿಡಬೇಕು. ಸ್ಯಾಮ್‌ಸಂಗ್‌ನಲ್ಲಿ ಅದರ ಹೆಸರು ‘ಇನ್‌ಪುಟ್ ಸಿಗ್ನಲ್ ಪ್ಲಸ್’, ಎಲ್‌ಜಿಯಲ್ಲಿ ‘ಎಚ್‌ಡಿಎಂಐ ಅಲ್ಟ್ರಾ ಎಚ್‌ಡಿ ಡೀಪ್ ಕಲರ್’, ಸೋನಿಯಲ್ಲಿ ‘ಎಚ್‌ಡಿಎಂಐ ಸಿಗ್ನಲ್ ಫಾರ್ಮ್ಯಾಟ್’. ಒಂದೇ ಕೆಲಸಕ್ಕೆ ಮೂರು ಹೆಸರು!

ಸೆಟ್ಟಿಂಗ್ ಮುಟ್ಟಿಲ್ಲ, ಕೇಬಲ್ ಬದಲಾಗಿಲ್ಲ, ನಿನ್ನೆ ಬರುತ್ತಿತ್ತು, ಇವತ್ತು ಇಲ್ಲ. ಆಗ ಟಿವಿಯನ್ನು ಗೋಡೆಯ ಸ್ವಿಚ್‌ನಲ್ಲೇ ಆರಿಸಿ ಕೆಲವು ನಿಮಿಷ ಬಿಡಿ. ರಿಮೋಟ್‌ನಲ್ಲಿ ಆರಿಸಿದರೆ ಟಿವಿ ಮಲಗುತ್ತದೆ ಅಷ್ಟೇ, ಪೂರ್ತಿ ಆಫ್ ಆಗುವುದಿಲ್ಲ. ಆಮೇಲೆ ಮೊದಲು ಟಿವಿ ಹಾಕಿ, ಇನ್‌ಪುಟ್ ಆರಿಸಿ, ಕೊನೆಗೆ ಲ್ಯಾಪ್‌ಟಾಪ್ ಜೋಡಿಸಿ. ತಾನು ಯಾವ ಯಾವ ರೆಸಲ್ಯೂಷನ್ ತೋರಿಸಬಲ್ಲೆ ಅನ್ನುವ ಪಟ್ಟಿಯನ್ನು ಟಿವಿ ಲ್ಯಾಪ್‌ಟಾಪ್‌ಗೆ ಕೊಡುತ್ತದೆ. ಆ ಮಾತುಕತೆ ಅರ್ಧಕ್ಕೆ ನಿಂತಿದ್ದರೆ ಹೀಗೆ ಮಾಡಿದಾಗ ಮತ್ತೆ ಮೊದಲಿಂದ ಶುರುವಾಗುತ್ತದೆ.

ವಿಡಿಯೊ ಚೌಕ ಮಾತ್ರ ಕಪ್ಪು

ಸದ್ದು ಬರುತ್ತಿದೆ. ಸಬ್‌ಟೈಟಲ್ ಕೂಡ ಓಡುತ್ತಿದೆ. ಚಿತ್ರ ಮಾತ್ರ ಇಲ್ಲ. ಇಲ್ಲಿ ಮೂರು ವಿಡಿಯೊ ಹಾಕಿ ನೋಡಿದರೆ ಸಾಕು. ಮೊದಲನೆಯದು ಹಾರ್ಡ್ ಡಿಸ್ಕಿನಲ್ಲಿರುವ ಯಾವುದಾದರೂ ಫೈಲ್, ವಿಎಲ್‌ಸಿ ಅನ್ನುವ ಪ್ಲೇಯರ್‌ನಲ್ಲಿ. ಎರಡನೆಯದು ಬ್ರೌಸರ್‌ನಲ್ಲಿ ಯೂಟ್ಯೂಬ್‌ನ ಒಂದು ಮಾಮೂಲಿ ವಿಡಿಯೊ. ಮೂರನೆಯದು ದುಡ್ಡು ಕೊಟ್ಟು ನೋಡುವ ಓಟಿಟಿಯ ಸಿನಿಮಾ.

ವಿಎಲ್‌ಸಿಯಲ್ಲೂ ಕಪ್ಪು ಅಂದರೆ ಬ್ರೌಸರ್ ಬಿಟ್ಟುಬಿಡಿ. ಗ್ರಾಫಿಕ್ಸ್ ಡ್ರೈವರ್ ನೋಡಿ.

ವಿಎಲ್‌ಸಿ ಸರಿ, ಯೂಟ್ಯೂಬ್ ಮತ್ತು ಓಟಿಟಿ ಎರಡೂ ಕಪ್ಪು ಅಂದರೆ ತಪ್ಪು ಬ್ರೌಸರ್ ಒಳಗಿದೆ. ಮೊದಲು ಇನ್‌ಕಾಗ್ನಿಟೊ ಕಿಟಕಿಯಲ್ಲಿ ತೆರೆಯಿರಿ. ಕ್ರೋಮ್‌ನಲ್ಲಿ ನೀವಾಗಿ ಅನುಮತಿ ಕೊಡದ ಹೊರತು ಅಲ್ಲಿ ಎಕ್ಸ್‌ಟೆನ್ಷನ್‌ಗಳು (ಬ್ರೌಸರ್‌ಗೆ ನಾವು ಸೇರಿಸಿಕೊಳ್ಳುವ ಚಿಕ್ಕ ಪ್ರೋಗ್ರಾಂಗಳು) ಓಡುವುದಿಲ್ಲ. ಅಲ್ಲಿ ಚಿತ್ರ ಬಂದರೆ ಯಾವುದೋ ಎಕ್ಸ್‌ಟೆನ್ಷನ್ ತಲೆಹರಟೆ ಮಾಡುತ್ತಿದೆ. ಹೆಚ್ಚಾಗಿ ಜಾಹೀರಾತು ತಡೆಯುವುದೋ, ಪರದೆಯನ್ನು ಕಪ್ಪು ಬಣ್ಣಕ್ಕೆ ತಿರುಗಿಸುವ ಡಾರ್ಕ್ ಮೋಡ್‌ನದೋ ಇರುತ್ತದೆ. ಅರ್ಧದಷ್ಟನ್ನು ಆಫ್ ಮಾಡಿ ನೋಡಿ, ಆಮೇಲೆ ಉಳಿದರ್ಧದಲ್ಲಿ ಅರ್ಧ. ಒಂದೊಂದಾಗಿ ನೋಡುತ್ತ ಕೂರುವುದಕ್ಕಿಂತ ಬೇಗ ಸಿಗುತ್ತದೆ.

ಇನ್‌ಕಾಗ್ನಿಟೊದಲ್ಲೂ ಕಪ್ಪೇ ಇದ್ದರೆ ಹಾರ್ಡ್‌ವೇರ್ ಆಕ್ಸೆಲರೇಶನ್ ಕಡೆ ಬನ್ನಿ. ಕುಗ್ಗಿಸಿ ಕಳಿಸಿದ ವಿಡಿಯೊವನ್ನು ಬಿಡಿಸುವ ಕೆಲಸವನ್ನು ಬ್ರೌಸರ್ ತಾನೇ ಮಾಡದೆ ಗ್ರಾಫಿಕ್ಸ್ ಚಿಪ್‌ಗೆ ಒಪ್ಪಿಸುತ್ತದೆ. ಡ್ರೈವರ್ ಹಳೆಯದಾಗಿದ್ದರೆ ಆ ಚಿಪ್‌ನಿಂದ ಹಿಂದಕ್ಕೆ ಬರುವುದು ಕಪ್ಪು ಚೌಕ. ಕ್ರೋಮ್‌ನ ಸೆಟ್ಟಿಂಗ್ಸ್‌ನಲ್ಲಿ ‘ಸಿಸ್ಟಮ್’ ಅನ್ನುವ ಭಾಗಕ್ಕೆ ಹೋಗಿ ಗ್ರಾಫಿಕ್ಸ್ ಆಕ್ಸೆಲರೇಶನ್ ಆಫ್ ಮಾಡಿ, ಬ್ರೌಸರ್ ಮುಚ್ಚಿ ತೆರೆಯಿರಿ. ಫೈರ್‌ಫಾಕ್ಸ್‌ನಲ್ಲಿ ಇದು ‘ಪರ್ಫಾರ್ಮೆನ್ಸ್’ ಅಡಿಯಲ್ಲಿದೆ, ‘ರೆಕಮೆಂಡೆಡ್’ ಅನ್ನುವ ಟಿಕ್ ತೆಗೆದರೆ ಕಾಣುತ್ತದೆ. ಚಿತ್ರ ಬಂತಾ? ಹಾಗಾದರೆ ರೋಗ ಗೊತ್ತಾಯಿತು. ಅಲ್ಲಿಗೇ ನಿಲ್ಲಬೇಡಿ. ಅದನ್ನು ಆಫ್ ಮಾಡಿಯೇ ಬಿಟ್ಟರೆ ಪ್ರೊಸೆಸರ್ ಮೇಲೆ ಎಲ್ಲ ಭಾರ ಬಿದ್ದು ಲ್ಯಾಪ್‌ಟಾಪ್ ಫ್ಯಾನ್ ಕಿರುಚುತ್ತದೆ, ಬ್ಯಾಟರಿ ಕರಗುತ್ತದೆ. ಲ್ಯಾಪ್‌ಟಾಪ್ ತಯಾರಕರ ಸೈಟಿನಿಂದ ಹೊಸ ಡ್ರೈವರ್ ಹಾಕಿ, ಆಕ್ಸೆಲರೇಶನ್ ಮತ್ತೆ ಆನ್ ಮಾಡಿ. ‘ಇದನ್ನು ಆಫ್ ಮಾಡಿ, ಸಮಸ್ಯೆ ಮುಗೀತು’ ಅನ್ನುವ ಸಲಹೆ ಎಲ್ಲ ಕಡೆ ಸಿಗುತ್ತದೆ. ನನ್ನ ಪ್ರಕಾರ ಅದು ಪರೀಕ್ಷೆ, ಮದ್ದಲ್ಲ.

ಇನ್ನು ವಿಎಲ್‌ಸಿ ಸರಿ, ಯೂಟ್ಯೂಬ್ ಸರಿ, ಓಟಿಟಿ ಮಾತ್ರ ಕಪ್ಪು. ಇದು ಕೆಟ್ಟಿದ್ದಲ್ಲ, ತಡೆದಿದ್ದು. ದುಡ್ಡಿನ ವಿಡಿಯೊಗಳನ್ನು ಕಾಪಿ ಮಾಡದಂತೆ ಕಾಯಲು ಎಚ್‌ಡಿಸಿಪಿ ಅಂತ ಒಂದು ಬೀಗ ಇದೆ. ಇಂಟೆಲ್ ರೂಪಿಸಿದ್ದು. ಲ್ಯಾಪ್‌ಟಾಪ್‌ನಿಂದ ಟಿವಿವರೆಗಿನ ದಾರಿಯಲ್ಲಿ ಇರುವ ಪ್ರತಿಯೊಂದು ಸಾಧನಕ್ಕೂ ಅದರ ಕೀಲಿ ಗೊತ್ತಿರಬೇಕು. 4ಕೆಗೆ ಅದರ 2.2ನೇ ಆವೃತ್ತಿಯೇ ಬೇಕು. ನಡುವೆ ಒಂದು ಅಗ್ಗದ ಸ್ಪ್ಲಿಟರ್, ಹಳೆಯ ಸೌಂಡ್ ಸಿಸ್ಟಮ್ ಅಥವಾ ಎಚ್‌ಡಿಎಂಐಯಿಂದ ಹಳೆಯ ಮಾನಿಟರ್‌ಗಳ ವಿಜಿಎಗೆ ಬದಲಿಸುವ ಅಡಾಪ್ಟರ್ ಇದ್ದರೆ ಬೀಗ ತೆಗೆಯುವುದಿಲ್ಲ. ವಿಜಿಎ ದಾರಿಯಲ್ಲಂತೂ ಈ ಬೀಗಕ್ಕೆ ಜಾಗವೇ ಇಲ್ಲ. ಆದ್ದರಿಂದ ನಡುವಿನದ್ದನ್ನೆಲ್ಲ ತೆಗೆದು ನೇರವಾಗಿ ಒಂದೇ ಕೇಬಲ್ ಹಾಕಿ ನೋಡಿ. ಮೇಜಿನ ಮೇಲೆ ಇನ್ನೊಂದು ಹಳೆಯ ಮಾನಿಟರ್ ಸೇರಿಸಿದ್ದರೆ ಅದನ್ನೂ ಬಿಡಿಸಿ. ಅದರಲ್ಲಿ ಬೀಗದ ವ್ಯವಸ್ಥೆ ಇಲ್ಲ ಅಂತಲೂ ಟಿವಿಯಲ್ಲಿ ಚಿತ್ರ ನಿಲ್ಲಬಹುದು. ಸ್ಕ್ರೀನ್ ರೆಕಾರ್ಡರ್ ಅಥವಾ ದೂರದಿಂದ ಕಂಪ್ಯೂಟರ್ ನೋಡುವ ಆ್ಯಪ್ ಹಿನ್ನೆಲೆಯಲ್ಲಿ ಓಡುತ್ತಿದ್ದರೆ ಮುಚ್ಚಿ.

ದುಡ್ಡು ಕೊಟ್ಟು ನೋಡುವವರಿಗೇ ಈ ಕಾಟ, ಕದ್ದು ನೋಡುವವರಿಗೆ ಇಲ್ಲ. ಸಿಟ್ಟು ಬರುತ್ತದೆ, ಬಂದು ಪ್ರಯೋಜನ ಇಲ್ಲ. ಕೆಲಸ ಆಗಬೇಕಾದರೆ ಬೇರೆ ಬ್ರೌಸರ್ ಪ್ರಯತ್ನಿಸಿ. ಕ್ರೋಮ್ ಮತ್ತು ಫೈರ್‌ಫಾಕ್ಸ್ ವೈಡ್‌ವೈನ್ ಅನ್ನುವ ಬೀಗ ಬಳಸುತ್ತವೆ. ವಿಂಡೋಸ್‌ನ ಎಡ್ಜ್ ಮೈಕ್ರೋಸಾಫ್ಟ್‌ನದೇ ಪ್ಲೇರೆಡಿಯನ್ನೂ ಬಳಸಬಲ್ಲದು. ಒಂದರಲ್ಲಿ ತಡೆದದ್ದು ಇನ್ನೊಂದರಲ್ಲಿ ಬಿಡುವುದು ಅಪರೂಪ ಅಲ್ಲ.

ಚಿತ್ರ ಕಪ್ಪಿಲ್ಲ, ಆದರೆ ಯೂಟ್ಯೂಬ್ ತಡೆತಡೆದು ಓಡುತ್ತದೆ ಅಂದರೆ ವಿಡಿಯೊ ಮೇಲೆ ಬಲ ಕ್ಲಿಕ್ ಮಾಡಿ ‘ಸ್ಟ್ಯಾಟ್ಸ್ ಫಾರ್ ನರ್ಡ್ಸ್’ ತೆರೆಯಿರಿ. ಕೋಡೆಕ್ (ವಿಡಿಯೊ ಕುಗ್ಗಿಸುವ ವಿಧಾನ) ಸಾಲಿನಲ್ಲಿ ಎವಿ01, ಅಂದರೆ ಎವಿ1, ಅಂತಿದ್ದು, ಬಿಟ್ಟುಹೋದ ಫ್ರೇಮ್‌ಗಳ ಲೆಕ್ಕ ಏರುತ್ತಲೇ ಇದ್ದರೆ ಇಂಟರ್ನೆಟ್ಟನ್ನು ಬೈಯಬೇಡಿ. ಎವಿ1 ಬಿಡಿಸುವ ಯಂತ್ರಾಂಶ ಇಂಟೆಲ್‌ನ ಲ್ಯಾಪ್‌ಟಾಪ್ ಚಿಪ್‌ಗಳಲ್ಲಿ ಬಂದದ್ದು 11ನೇ ತಲೆಮಾರಿನಿಂದ. ಅದಕ್ಕಿಂತ ಹಳೆಯ ಲ್ಯಾಪ್‌ಟಾಪ್‌ಗಳಲ್ಲಿ ಎಲ್ಲವನ್ನೂ ಪ್ರೊಸೆಸರ್ರೇ ಮಾಡಬೇಕು. 1080ಪಿಗೆ ಇಳಿಸಿ, ಇಲ್ಲವೇ ಯೂಟ್ಯೂಬ್ ಖಾತೆಯ ‘ಪ್ಲೇಬ್ಯಾಕ್’ ಸೆಟ್ಟಿಂಗ್‌ನಲ್ಲಿ ಎವಿ1 ಬಳಕೆಯನ್ನು ಕಡಿಮೆ ಮಾಡಿ.

ಸದ್ದು, ಅಂಚು, ಅಕ್ಷರ

ಟಿವಿಯಲ್ಲಿ ಚಿತ್ರ, ಲ್ಯಾಪ್‌ಟಾಪ್‌ನಲ್ಲಿ ಸದ್ದು. ಟಾಸ್ಕ್‌ಬಾರ್‌ನ ಸ್ಪೀಕರ್ ಒತ್ತಿ ಟಿವಿಯ ಹೆಸರು ಆರಿಸಿ. ಅಷ್ಟೇ.

ಟಾಸ್ಕ್‌ಬಾರ್ ಅರ್ಧ ಕತ್ತರಿಸಿ ಹೋಗಿದ್ದರೆ ಅದು ಓವರ್‌ಸ್ಕ್ಯಾನ್. ಪಿಕ್ಚರ್ ಟ್ಯೂಬಿನ ಕಾಲದಲ್ಲಿ ಅಂಚಿನ ಗಲೀಜು ಕಾಣದಿರಲಿ ಅಂತ ಚಿತ್ರವನ್ನು ಸ್ವಲ್ಪ ಹಿಗ್ಗಿಸುತ್ತಿದ್ದರು. ಟ್ಯೂಬ್ ಹೋದರೂ ಆ ಅಭ್ಯಾಸ ಹೋಗಿಲ್ಲ. ಪಿಕ್ಚರ್ ಸೈಜ್ ಮೆನುವಿನಲ್ಲಿ ‘ಜಸ್ಟ್ ಸ್ಕ್ಯಾನ್’, ‘ಫಿಟ್ ಟು ಸ್ಕ್ರೀನ್’ ಅಥವಾ ‘ಫುಲ್ ಪಿಕ್ಸೆಲ್’ ಅಂತ ಏನೋ ಒಂದು ಇರುತ್ತದೆ.

ಕಪ್ಪು ಹಿನ್ನೆಲೆಯ ಮೇಲಿನ ಕೆಂಪು ಅಕ್ಷರ ಕಲೆಸಿದ ಹಾಗೆ ಕಂಡರೆ ಟಿವಿಯಲ್ಲಿ ಆ ಇನ್‌ಪುಟ್‌ನ ಹೆಸರನ್ನು ‘ಪಿಸಿ’ ಅಂತ ಬದಲಿಸಿ. ಬರೀ ಹೆಸರು ಬದಲಿಸಿದರೆ ಏನಾಗುತ್ತದೆ ಅನ್ನಬೇಡಿ. ಹಲವು ಟಿವಿಗಳು ಆ ಹೆಸರು ನೋಡಿಯೇ ಬಣ್ಣದ ವಿವರವನ್ನು ಕಡಿತ ಮಾಡದೆ ಪೂರ್ತಿ ತೋರಿಸುತ್ತವೆ.

ಟಿವಿ ತಾನಾಗಿ ಆನ್ ಆಗುವುದು, ಚಾನೆಲ್ ನೋಡುತ್ತಿದ್ದಾಗ ಇನ್‌ಪುಟ್ ತಾನೇ ಬದಲಾಗುವುದು, ಇದು ದೆವ್ವದ ಕೆಲಸ ಅಲ್ಲ. ಎಚ್‌ಡಿಎಂಐ ಸಿಇಸಿ ಅನ್ನುವ ಸೌಲಭ್ಯ. ಒಂದು ಸಾಧನ ಎದ್ದರೆ ಇನ್ನೊಂದನ್ನು ಎಬ್ಬಿಸುತ್ತದೆ. ಎನಿನೆಟ್ ಪ್ಲಸ್, ಸಿಂಪ್‌ಲಿಂಕ್, ಬ್ರಾವಿಯಾ ಸಿಂಕ್ ಅಂತ ಒಂದೊಂದು ಕಂಪನಿಯದು ಒಂದೊಂದು ಹೆಸರು. ಬೇಡವಾದರೆ ಆಫ್ ಮಾಡಿ.

ಟಿವಿಗೆ ಚುಚ್ಚುವ ಸ್ಟಿಕ್

ಇಂಟರ್ನೆಟ್ ವಿಡಿಯೊ ನೋಡಲು ಟಿವಿಗೆ ಚುಚ್ಚಿದ ಸ್ಟಿಕ್ ಪದೇ ಪದೇ ರೀಸ್ಟಾರ್ಟ್ ಆಗುತ್ತಿದ್ದರೆ ಅದಕ್ಕೆ ಕರೆಂಟ್ ಎಲ್ಲಿಂದ ಬರುತ್ತಿದೆ ನೋಡಿ. ಟಿವಿಯ ಯುಎಸ್‌ಬಿ 2.0 ಪೋರ್ಟಿನ ನಿಯಮದ ಮಿತಿ 500 ಮಿಲಿಆಂಪ್. ಸ್ಟಿಕ್‌ಗೆ ಸಾಮಾನ್ಯವಾಗಿ 1 ಆಂಪ್ ಬೇಕು. ಜೊತೆಗೆ ಬಂದ ಅಡಾಪ್ಟರ್‌ಗೇ ಸೇರಿಸಿ.

ಫೋನ್‌ನ ವಿಡಿಯೊವನ್ನು ಟಿವಿಗೆ ಕಳಿಸುವ ಕಾಸ್ಟ್ ಗುಂಡಿ ಒತ್ತಿದರೆ ಟಿವಿಯ ಹೆಸರೇ ಬರದಿದ್ದರೆ ಎರಡೂ ಒಂದೇ ವೈಫೈನಲ್ಲಿವೆಯಾ, ಫೋನ್‌ನಲ್ಲಿ ವಿಪಿಎನ್ ಆನ್ ಇದೆಯಾ ನೋಡಿ. ಅದೂ ಸರಿಯಿದ್ದರೆ ಮನೆಯಲ್ಲಿರುವ ಮೂರನೇ ಫೋನಿನ ಹಾಟ್‌ಸ್ಪಾಟ್‌ಗೆ ಎರಡನ್ನೂ ಸೇರಿಸಿ. ಅಲ್ಲಿ ಕಂಡರೆ ತಪ್ಪು ರೂಟರ್‌ದು. ಅದರ ಸೆಟ್ಟಿಂಗ್‌ನಲ್ಲಿ ‘ಎಪಿ ಐಸೊಲೇಶನ್’ ಆಫ್ ಇರಬೇಕು. ಅದು ಆನ್ ಇದ್ದರೆ ಒಂದೇ ವೈಫೈನಲ್ಲಿರುವ ಸಾಧನಗಳಿಗೂ ಒಂದಕ್ಕೊಂದು ಕಾಣುವುದಿಲ್ಲ. ಗೆಸ್ಟ್ ವೈಫೈನಲ್ಲಿ ಇದು ಸಾಮಾನ್ಯವಾಗಿ ಆನ್ ಆಗಿಯೇ ಇರುತ್ತದೆ.

ತಾರೀಖು ನೋಡಿ, ರೀಸೆಟ್ ಆಮೇಲೆ

ಬ್ರೌಸರ್ ಎಲ್ಲ ಸೈಟಿಗೂ ‘ಸಂಪರ್ಕ ಸುರಕ್ಷಿತವಲ್ಲ’ ಅನ್ನುತ್ತಿದ್ದರೆ, ಟಿವಿಯ ಆ್ಯಪ್‌ಗಳೆಲ್ಲ ಒಟ್ಟಿಗೆ ಮುಷ್ಕರ ಹೂಡಿದ್ದರೆ, ಮೊದಲು ಗಡಿಯಾರ ನೋಡಿ. ಪ್ರತಿ ಸೈಟಿನ ಭದ್ರತಾ ಪ್ರಮಾಣಪತ್ರಕ್ಕೂ ಒಂದು ಅವಧಿ ಇರುತ್ತದೆ. ಕಂಪ್ಯೂಟರಿನ ತಾರೀಖು ತಪ್ಪಿದ್ದರೆ ಸರಿಯಾದ ಪತ್ರವೂ ಅದಕ್ಕೆ ಸುಳ್ಳಾಗಿ ಕಾಣುತ್ತದೆ. ಹಳೆಯ ಡೆಸ್ಕ್‌ಟಾಪ್‌ನಲ್ಲಿ ಪ್ರತಿ ಸಲ ಕರೆಂಟ್ ಹೋಗಿ ಬಂದಾಗ ತಾರೀಖು ಹಿಂದಕ್ಕೆ ಜಿಗಿದರೆ ಮದರ್‌ಬೋರ್ಡಿನ ಸಿಆರ್2032 ಸೆಲ್ ಬದಲಿಸಿ. ವಾಚ್ ಅಂಗಡಿಯಲ್ಲೂ ಸಿಗುತ್ತದೆ.

ಕೆಲವೊಮ್ಮೆ ಗಡಿಯಾರ ಸರಿಯಿದ್ದು ಸಾಧನವೇ ಹಳತಾಗಿರುತ್ತದೆ. 2021ರ ಸೆಪ್ಟೆಂಬರ್ 30ರಂದು ಸೈಟುಗಳಿಗೆ ಪ್ರಮಾಣಪತ್ರ ಕೊಡುವ ಲೆಟ್ಸ್ ಎನ್‌ಕ್ರಿಪ್ಟ್ ಸಂಸ್ಥೆಯ ಪತ್ರಗಳು ನಂಬಿಕೊಂಡಿದ್ದ ಒಂದು ಹಳೆಯ ಮೂಲ ಪ್ರಮಾಣಪತ್ರದ ಅವಧಿ ಮುಗಿಯಿತು. ಅಪ್‌ಡೇಟ್ ನಿಂತುಹೋದ ಎಷ್ಟೋ ಸಾಧನಗಳಲ್ಲಿ ಆ ದಿನದಿಂದ ಕೆಲವು ಸೈಟುಗಳು ತೆರೆಯದಾದವು. ಅಂಥ ಟಿವಿಗೆ ಒಂದು ಹೊಸ ಸ್ಟಿಕ್ ಹಾಕಿದರೆ ಸಾಕು, ಟಿವಿ ಬದಲಿಸಬೇಕಿಲ್ಲ.

ಏನೇ ಆದರೂ ಫ್ಯಾಕ್ಟರಿ ರೀಸೆಟ್ ಮಾಡಿ ಅನ್ನುವವರು ಎಲ್ಲ ಕಡೆ ಇದ್ದಾರೆ. 2025ರ ಮಾರ್ಚ್‌ನಲ್ಲಿ ಗೂಗಲ್‌ನ ಎರಡನೇ ತಲೆಮಾರಿನ ಕ್ರೋಮ್‌ಕಾಸ್ಟ್‌ಗಳು (ಕಾಸ್ಟ್ ಮಾಡಲು ಟಿವಿಗೆ ಚುಚ್ಚುವ ಸಾಧನ) ಒಂದೇ ಸಲ ಕಾಸ್ಟ್ ಮಾಡುವುದನ್ನು ನಿಲ್ಲಿಸಿದವು. ಒಳಗಿನ ಒಂದು ಪ್ರಮಾಣಪತ್ರದ ಅವಧಿ ಮುಗಿದಿತ್ತು. ರೀಸೆಟ್ ಮಾಡಬೇಡಿ ಅಂತ ಗೂಗಲ್ಲೇ ಹೇಳಬೇಕಾಯಿತು. ಸುಮ್ಮನಿದ್ದವರ ಸಾಧನ ಕೆಲವು ದಿನದಲ್ಲಿ ಅಪ್‌ಡೇಟ್ ಬಂದು ಸರಿಯಾಯಿತು. ರೀಸೆಟ್ ಮಾಡಿದವರದ್ದು ಮತ್ತೆ ಸೆಟಪ್ ಕೂಡ ಆಗದೆ ಇನ್ನೊಂದು ಪರಿಹಾರಕ್ಕೆ ಕಾಯಬೇಕಾಯಿತು. ಹಾಗಾಗಿ ನಿನ್ನೆವರೆಗೆ ಚೆನ್ನಾಗಿದ್ದ ಸಾಧನ ಇವತ್ತು ಏಕಾಏಕಿ ನಿಂತರೆ, ಅದೇ ಮಾಡೆಲ್ ಇರುವ ಇನ್ನೊಂದು ಮನೆಗೆ ಫೋನ್ ಮಾಡಿ ಕೇಳಿ. ಅಲ್ಲೂ ನಿಂತಿದ್ದರೆ ರಿಮೋಟ್ ಕೆಳಗಿಡಿ, ನಿಮ್ಮ ಮನೆಯಲ್ಲಿ ಹುಡುಕಿ ಸಿಗುವಂಥದ್ದು ಏನೂ ಇಲ್ಲ.